ದಿನ ಮೀರಿದ ಚಂದ್ರಿ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕೆಲವರಿಗೆ ಧೂಳು ಆಗಿಬರುವುದಿಲ್ಲ, ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ನನಗೆ ನಂಬಿಕೆ ಆಗಿಬರುವುದಿಲ್ಲ, ಅಷ್ಟೇ. ತರಕಾರಿಯವಳು "ಈಗಷ್ಟ ಕಿತ್ತ ತಂದೇನ್ರಿ" ಎಂದರೆ ತೊಟ್ಟು ತಿರುಗಿಸಿ ನೋಡುತ್ತೇನೆ. ಗ್ಯಾಸಿನ ಗುಂಡಿ ತಿರುಗಿಸಿ ಆರಿಸಿದವಳೇ ಮತ್ತೆ ಬಂದು ಮುಟ್ಟಿ ನೋಡುತ್ತೇನೆ. ನಮ್ಮ ಮನೆಯವರಿಗೆ ಆಟೋ ನಗರದಲ್ಲಿ ರೇಡಿಯೇಟರ್ ದುರಸ್ತಿ ಮಾಡುವ ಸಣ್ಣ ವರ್ಕ್‌ಶಾಪ್ ಇದೆ. ದಿನವಿಡೀ ಸೋರುವ ವಸ್ತುಗಳ ನಡುವೆ ಇದ್ದೂ ಅವರು ಲೋಕವನ್ನು ಪೂರ್ತಿ ನಂಬುತ್ತಾರೆ. ಒಮ್ಮೆ ಅವರೇ ಹೇಳಿದರು: "ನೀ ದೇವರ ಮುಂದ ದೀಪಾ ಹಚ್ಚಿ, ಕೈ ಮುಗದು, ಮತ್ತ ಹೊಳ್ಳಿ ನೋಡತಿ, ದೀಪಾ ಖರೇನ ಹತ್ತೇತೋ ಇಲ್ಲೋ ಅಂತ."

ತಪ್ಪು ನನ್ನದಲ್ಲ, ನನ್ನ ಕೆಲಸದ್ದು ಎಂದು ವಾದಿಸಬಹುದು. ಬೆಳಗಾವಿಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು ನಾನು. 'ಶುಭ ವಿವಾಹ' ಎನ್ನುವುದು 'ಶುಭ ವಿವಾದ' ಎಂದು ಅಚ್ಚಾಗಿ, ಐನೂರು ಕರೆಯೋಲೆ ಹಂಚಿಹೋಗುವ ಗಳಿಗೆಯಲ್ಲಿ ಹಿಡಿದು ನಿಲ್ಲಿಸಿದ್ದೇನೆ. ಅಂಥ ಕೆಲಸದಲ್ಲಿ ನಂಬಿದವನು ಕೆಟ್ಟ. ಪ್ರತಿ ಅಕ್ಷರವೂ ಕಳ್ಳನೇ, ತಾನು ಸಾಚಾ ಎಂದು ಅದೇ ರುಜುವಾತು ಮಾಡಬೇಕು.

ಅನುಮಾನ ಎಂಬ ಪದದ ಕಥೆಯೂ ಸ್ವಾರಸ್ಯವಾಗಿದೆ. ಹಳೆಯ ತರ್ಕಶಾಸ್ತ್ರದಲ್ಲಿ ಅದು ಬಹಳ ಮರ್ಯಾದಸ್ತ ಪದ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯುವುದು ಅನುಮಾನ. ಜ್ಞಾನ ಪಡೆಯುವ ಒಂದು ದಾರಿ ಅದು. ಆ ಪದ ಪಂಡಿತರ ಜಗುಲಿಯಿಂದ ಇಳಿದು ನಮ್ಮ ಅಡುಗೆಮನೆಗೆ ಬಂದದ್ದೇ ತಡ, ಅರ್ಥ ಬದಲಾಯಿತು. ಈಗ ಗುಡ್ಡದ ಮೇಲೆ ಹೊಗೆ ಕಂಡರೆ, ಬೆಂಕಿ ಹಚ್ಚಿದವರು ಯಾರು, ನನಗೇಕೆ ಹೇಳಲಿಲ್ಲ, ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಕೇಳುವುದು ಅನುಮಾನ. ನಾನು ಈ ಎರಡನೆಯ ಪಂಥದವಳು. ಕಳೆದ ಚಳಿಗಾಲದಲ್ಲಿ ಈ ಪಂಥ ನನ್ನನ್ನು ಎಲ್ಲಿಗೆ ಕರೆದೊಯ್ದಿತು ಎಂಬುದನ್ನು ಹೇಳುತ್ತೇನೆ.

ಖಾನಾಪುರ ತಾಲೂಕಿನಲ್ಲಿ, ಹಲಸಿ ದಾಟಿ ಎರಡು ಮೈಲಿ ಆಚೆಗೆ ನನ್ನ ಅಕ್ಕನ ಊರು. ಅಕ್ಕ ನೀಲವ್ವ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡು ಬಹಳ ವರ್ಷಗಳಾದವು. ಸುತ್ತಿನ ನಾಲ್ಕು ಹಳ್ಳಿಯ ಹೆಣ್ಣುಮಕ್ಕಳ ಕುಪ್ಪಸ ಹೊಲಿದುಕೊಂಡು ಅವಳು ಯಾರ ಹಂಗೂ ಇಲ್ಲದೆ ಬದುಕಿದ್ದಾಳೆ. ಅವ್ವ ಸಾಕಿದ ಆಕಳಿನ ವಂಶದ, ಇನ್ನೂ ಕರು ಹಾಕದ ಒಂದು ಕಡಸು ಅವಳ ಕೊಟ್ಟಿಗೆಯಲ್ಲಿತ್ತು. ಮೈಯೆಲ್ಲ ಕಂದು, ಹಣೆಯಲ್ಲಿ ಮಾತ್ರ ಬಿದಿಗೆಯ ಚಂದ್ರನಂಥ ಬಿಳಿ ಗೆರೆ. ಅದಕ್ಕೇ ಚಂದ್ರಿ. ಅವ್ವ ಹೋದ ಮೇಲೆ ಚಂದ್ರಿ ಇಬ್ಬರದೂ ಎಂದು ಮಾತಾಯಿತು. ಸಾಕುವುದು ಅಕ್ಕ, ಮೇವಿಗೆ ಹಿಂಡಿ ಕೊಡಿಸುವುದು ನಾನು. ಹಾಲಿನ ಮಾತು ಹಾಲು ಬಂದ ಮೇಲೆ.

ಚಂದ್ರಿ ಬೆದೆಗೆ ಬಂದಾಗ ಪಶುವೈದ್ಯರು ಬಂದು ಗಬ್ಬದ ಇಂಜೆಕ್ಷನ್ ಕೊಟ್ಟರು, ಮೂರು ತಿಂಗಳಿಗೆ ಕೈಹಾಕಿ ನೋಡಿ ಗಬ್ಬ ನಿಂತಿದೆ ಎಂದರು. ಮಾರ್ಚ್ ಆರಕ್ಕೆ ಇಂಜೆಕ್ಷನ್ ಆದದ್ದು ಎಂದು ಅಕ್ಕ ಹೇಳಿದಳು. ಆಕಳಿಗೂ ಹೆಂಗಸಿಗೂ ಲೆಕ್ಕ ಒಂದೇ, ಒಂಬತ್ತು ತಿಂಗಳು ಒಂಬತ್ತು ದಿನ. ನಾನು ಬೆಳಗಾವಿಯ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹದಿನೈದರ ಸುತ್ತ ಕೆಂಪು ಪೆನ್ನಿನಿಂದ ಒಂದು ಉಂಗುರ ಹಾಕಿ ಕಾಯತೊಡಗಿದೆ.

ಹದಿನೈದು ಬಂತು, ಹೋಯಿತು. ಚಂದ್ರಿ ಈಯಲಿಲ್ಲ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ನಾನು ದಿನಾ ಬೆಳಿಗ್ಗೆ ಏಳಕ್ಕೆ ಫೋನು ಮಾಡುತ್ತಿದ್ದೆ.

"ಈದಿತೇನ ಅಕ್ಕಾ?"

"ಇಲ್ಲವಾ."

"ಕೆಚ್ಚಲ ಇಳದೇತೇನ?"

"ಇಳದಂಗ ಐತಿ."

ಕರಡು ತಿದ್ದುವವರ ಕಿವಿಗೆ ಈ 'ಹಂಗ' ಎಂಬ ಪದ ಮುಳ್ಳಿನಂತೆ ಚುಚ್ಚುತ್ತದೆ. ಇಳಿದಿದೆ ಎನ್ನಬೇಕು, ಇಲ್ಲವೇ ಇಳಿದಿಲ್ಲ ಎನ್ನಬೇಕು. ಇಳಿದ ಹಾಗಿದೆ ಎಂದರೇನು? ಕಣ್ಣೆದುರು ನಿಂತ ಆಕಳಿನ ಬಗ್ಗೆ ಯಾರಾದರೂ ಹೀಗೆ ಮಾತಾಡುತ್ತಾರೆಯೆ?

ಒಂದು ಫೋಟೊ ಕಳಿಸು ಎಂದೆ. ಕಳಿಸಿದಳು. ಅದರಲ್ಲಿ ಒಂದು ಬಕೀಟು ಇತ್ತು, ಕಂಬ ಇತ್ತು, ಬಲತುದಿಯಲ್ಲಿ ಬಾಲದ ಕುಚ್ಚು ಇತ್ತು. ಆಕಳು ಇರಲಿಲ್ಲ. ಮತ್ತೊಂದು ಕಳಿಸು ಎಂದೆ. ಎರಡನೆಯದರಲ್ಲಿ ಬಾಲವೂ ಇರಲಿಲ್ಲ. ಬೇಕೆಂದೇ ಬದಿಗೆ ಹಿಡಿದು ತೆಗೆಯದೆ, ಅಷ್ಟು ದೊಡ್ಡ ಪ್ರಾಣಿಯನ್ನು ಫೋಟೊದಿಂದ ತಪ್ಪಿಸಲು ಸಾಧ್ಯವೆ? ನನ್ನ ಅನುಮಾನ ಅಂದಿನಿಂದ ಸಗಣಿ ಗೊಬ್ಬರ ಹಾಕಿದ ಬಳ್ಳಿಯಂತೆ ಹಬ್ಬಿತು.

ಮೊದಲು ಡಾಕ್ಟರನ್ನು ಅನುಮಾನಿಸಿದೆ. ಗಬ್ಬ ನಿಂತಿದೆ ಎಂದು ಹೇಳಿದ್ದು ಅವರೇ ತಾನೆ? ಆಮೇಲೆ ಚಂದ್ರಿಯನ್ನೇ ಅನುಮಾನಿಸಿದೆ. ಆಕಳಿಗೂ ಸುಳ್ಳು ಬಸಿರು ಬರುವುದುಂಟು ಎಂದು ಎಲ್ಲೋ ಓದಿದ್ದೆ. ಕೊನೆಗೆ ಎಲ್ಲ ದಾರಿಗಳೂ ಒಂದೇ ಅಂಗಳಕ್ಕೆ ಬಂದು ನಿಂತವು: ಅಕ್ಕ ಏನನ್ನೋ ಮುಚ್ಚಿಡುತ್ತಿದ್ದಾಳೆ.

ಸಾಕ್ಷಿಗಳು ಒಂದಲ್ಲ. ದಿನ ಮೀರಿದ ಚೊಚ್ಚಲ ಆಕಳನ್ನು ಡಾಕ್ಟರಿಗೆ ತೋರಿಸು ಎಂದರೆ "ಅವರಿಗ್ಯಾಕ ತ್ರಾಸು" ಎನ್ನುತ್ತಾಳೆ. ದೀಪಾವಳಿಗೆ ಅವಳು ಹೊಲಿದು ಕಳಿಸಿದ ಕುಪ್ಪಸದ ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದವಿತ್ತು. ನಲವತ್ತು ವರ್ಷ ಹೊಲಿದ ಕೈ ಅದು! ಅವ್ವನ ಬೆಳ್ಳಿಯ ವಿಭೂತಿ ಕರಡಿಗೆಯನ್ನು ನಾನು ಇಟ್ಟುಕೊಂಡದ್ದಕ್ಕೆ ತೀರಿಸಿದ ಸೇಡು ಎಂದುಕೊಂಡೆ. ಪಕ್ಕದ ಮನೆಯ ಸುಮನ್ ವೈನಿಗೆ, ಅಂದರೆ ಸುಮನ್ ಅತ್ತಿಗೆಗೆ, ಫೋನು ಮಾಡಿ ಮೆಲ್ಲಗೆ ಕೇಳಿದೆ. ಮನೆಯಲ್ಲಿ ಮರಾಠಿ ಮಾತಾಡುವ ಆಕೆ ನನ್ನೊಂದಿಗೆ ಮೂವತ್ತು ವರ್ಷದಿಂದ ಸೊಗಸಾದ ಕನ್ನಡವನ್ನೇ ಆಡಿದವಳು. ಅಂದು ಮಾತ್ರ "ಮಲಾ ಕಾಯ್ ಮಾಹೀತ್ ನಾಹೀ ಬಾಯಿ", ನನಗೇನೂ ಗೊತ್ತಿಲ್ಲವಮ್ಮ, ಎಂದು ಥಟ್ಟನೆ ಮರಾಠಿಗೆ ಹಾರಿದಳು. ಖಾನಾಪುರದ ಕಡೆ ಎರಡು ಭಾಷೆ ಇರುವುದು ಇದಕ್ಕೇ. ಒಂದರಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೊಂದರ ಬಾಗಿಲಿನಿಂದ ಹೊರಬೀಳಬಹುದು.

ಎಲ್ಲಕ್ಕೂ ಕಳಸವಿಟ್ಟಂತೆ, ಇಪ್ಪತ್ತೇಳರ ಬೆಳಿಗ್ಗೆ ಅಕ್ಕನ ಫೋನಿನ ಹಿಂದಿನಿಂದ ಸಣ್ಣ ದನಿಯೊಂದು ಕೇಳಿತು. "ಅಂಬಾ."

"ಅದ್ಯಾರದ ದನಿ?" ಎಂದೆ.

"ಯಾರದೂ ಅಲ್ಲ, ಇಡತೀನಿ, ಒಲಿ ಮ್ಯಾಲ ಹಾಲೈತಿ," ಎಂದು ಇಟ್ಟೇಬಿಟ್ಟಳು.

ಒಲೆಯ ಮೇಲೆ ಹಾಲು! ಯಾವ ಹಾಲು? ನನಗೆ ಎಲ್ಲ ಹೊಳೆಯಿತು. ಚಂದ್ರಿ ಈದು ವಾರವಾಗಿದೆ. ಕರು ಬೆಳೆಯುತ್ತಿದೆ. ಬೆಲ್ಲ ಏಲಕ್ಕಿ ಹಾಕಿದ ಗಿಣ್ಣವನ್ನು ಅಕ್ಕ ಮತ್ತು ಸುಮನ್ ವೈನಿ ಮುಗಿಸಿದ್ದಾರೆ. ಈದ ಆಕಳಿನ ಮೊದಲ ಹಾಲಿನ ಆ ಗಿಣ್ಣಕ್ಕಾಗಿ ನಾನು ಒಂಬತ್ತು ತಿಂಗಳಿಂದ ಬಾಯಲ್ಲಿ ನೀರಿಟ್ಟುಕೊಂಡು ಹಿಂಡಿ ಹೊರಿಸಿ ಕಳಿಸಿದ್ದೇನೆ, ನನಗೆ ಸಿಕ್ಕದ್ದು ಬಕೀಟಿನ ಫೋಟೊ.

ಸಂಜೆ ನಮ್ಮ ಮನೆಯವರಿಗೆ ಈ ಸಿದ್ಧಾಂತವನ್ನು ಮಂಡಿಸಿದೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು.

"ನಿಮ್ಮಕ್ಕ ಗಿಣ್ಣಾ ಕದ್ದ ತಿಂತಾಳೇನ? ತನ್ನ ತಾಟಿನಾಂದು ನಿನಗ ಹಾಕಿ ಬೆಳಸಿದಾಕಿ?"

"ಅದು ಆವಾಗ. ಈಗ ಮನಶ್ಯಾರು ಬದಲಾಗ್ತಾರ್ರಿ."

"ಹೋಗಿ ನೋಡಿ ಬಾ ಹಂಗಾರ," ಎಂದರು. "ಹೇಳಿ ಹೋಗು."

ಹೇಳದೆ ಹೋದೆ. ಹೇಳಿ ಹೋದರೆ ಸಾಕ್ಷ್ಯ ನಾಶವಾಗುವುದಿಲ್ಲವೆ? ಚೀಲದಲ್ಲಿ ಎರಡು ಸೀರೆ, ಕನ್ನಡಕ, ಮತ್ತು ನಾಚಿಕೆ ಬಿಟ್ಟು ಹೇಳುತ್ತೇನೆ, ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿ. ಉಳಿದ ಗಿಣ್ಣವೇನಾದರೂ ಸಿಕ್ಕರೆ ಇರಲಿ ಎಂದು.

ಖಾನಾಪುರದಲ್ಲಿ ಬಸ್ಸು ಬದಲಿಸಿ ನಂದಗಡ ದಾಟುವಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಭತ್ತ ಕೊಯ್ದು ಬೋಳಾದ ಗದ್ದೆಗಳಲ್ಲಿ ಹುಲ್ಲಿನ ಬಣವೆಗಳು ಕಂಬಳಿ ಹೊದ್ದು ಕೂತವರಂತೆ ಕಾಣುತ್ತಿದ್ದವು. ಹಲಸಿಯ ಹಳೆಯ ಗುಡಿ ಕಂಡಾಗ ಒಂದು ಯೋಚನೆ ಬಂತು. ನಮ್ಮ ನಾಡಿನ ಹಳೆಯ ದಾನಶಾಸನಗಳ ತಲೆಯ ಮೇಲೆ ಸೂರ್ಯ ಚಂದ್ರರ ಜತೆಗೆ ಕರುವಿಗೆ ಹಾಲೂಡಿಸುವ ಆಕಳನ್ನು ಕೆತ್ತಿರುತ್ತಾರೆ. ಕೊಟ್ಟ ಮಾತು ಸೂರ್ಯ ಚಂದ್ರರಿರುವವರೆಗೆ ನಿಲ್ಲಲಿ ಎಂದು ಅದರ ಅರ್ಥ. ಈಯದ ಆಕಳನ್ನು ಯಾವ ಶಿಲ್ಪಿಯೂ ಕೆತ್ತಿದ್ದನ್ನು ನಾನು ನೋಡಿಲ್ಲ. ಪಾಪ, ಆ ಶಿಲ್ಪಿಗಳಿಗೂ ದಿನ ಮೀರಿದ ಆಕಳ ಮುಂದೆ ಕೂತು ಕಾಯುವ ತಾಳ್ಮೆ ಇರಲಿಲ್ಲವೇನೋ.

ಅಕ್ಕನ ಮನೆಯ ಬೇಲಿಯ ದಣಪೆ ಸರಿಸಿ ಒಳಗೆ ಹೋದಾಗ ಹತ್ತು ಗಂಟೆಯ ಎಳೆಬಿಸಿಲು ಅಂಗಳದ ತುಂಬ ಇತ್ತು. ಅಕ್ಕ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೇರ ನನ್ನ ಮುಖವನ್ನೇ ನೋಡಿದಳು. ನಡುವೆ ಇದ್ದದ್ದು ಹತ್ತು ಹೆಜ್ಜೆ.

"ಯಾರ್ರೀ? ಬರ್ರಿ," ಎಂದಳು.

ಒಡಹುಟ್ಟಿದ ತಂಗಿಗೆ 'ರೀ' ಹಚ್ಚಿ ಮಾತಾಡುತ್ತಾಳಲ್ಲ! ನನ್ನ ಮೈ ಉರಿಯಿತು. ಸಿಟ್ಟನ್ನು ಇಷ್ಟು ಸಭ್ಯವಾಗಿ ತೋರಿಸುವುದನ್ನು ಯಾವಾಗ ಕಲಿತಳು ಎಂದುಕೊಂಡೆ.

"ನಾನ," ಎಂದೆ ಬಿರುಸಾಗಿ.

"ಗಂಗೀ?" ಅವಳ ಮಡಿಲಿನ ಅವರೆಕಾಯಿ ಅಂಗಳಕ್ಕೆಲ್ಲ ಚೆಲ್ಲಿತು. "ಏನವಾ, ಹೇಳದ ಕೇಳದ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?"

ಉತ್ತರ ಕೊಡದೆ ನಾನು ಸೀದಾ ಹಿತ್ತಲಿನ ಕೊಟ್ಟಿಗೆಗೆ ನಡೆದೆ. ಅಲ್ಲಿ ಚಂದ್ರಿ ನಿಂತಿದ್ದಳು. ಒಬ್ಬಳೇ. ಎರಡು ಕಡೆಗೂ ಮೂಟೆ ಕಟ್ಟಿದಂಥ ಹೊಟ್ಟೆ. ನಾನು ನೋಡುತ್ತಿದ್ದಂತೆ ಆ ಹೊಟ್ಟೆಯ ಬಲಗಡೆ ಒಳಗಿನಿಂದ ಯಾರೋ ಮೊಣಕೈಯಿಂದ ತಿವಿದ ಹಾಗೆ ಉಬ್ಬಿ ಇಳಿಯಿತು. ಒಲೆಯ ಮೇಲಿನ ಹಾಲು ಎಲ್ಲಿಯದೆಂದು ಹೇಳುವಂತೆ ಬೇಲಿಯಾಚೆ ಸುಮನ್ ವೈನಿಯ ಎಮ್ಮೆಕರು "ಅಂಬಾ" ಎಂದಿತು. ಚೀಲದಲ್ಲಿದ್ದ ಸ್ಟೀಲಿನ ಡಬ್ಬಿ ಒಮ್ಮೆಲೇ ಬಹಳ ಭಾರವೆನಿಸಿತು.

ನಾಚಿಕೊಂಡು ಸುಮ್ಮನಾಗಬೇಕಿತ್ತು. ಆದರೆ ಅನುಮಾನದ ಸ್ವಭಾವ ಹಾಗಲ್ಲ. ಒಂದು ಬಾಗಿಲು ಮುಚ್ಚಿದರೆ ಅದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತದೆ. ಅಕ್ಕ ಚಹಾ ಸೋಸುವುದನ್ನು ನೋಡುತ್ತ ಕೂತೆ. ಅವಳು ಕಪ್ಪಿನ ಅಂಚಿನೊಳಗೆ ತೋರುಬೆರಳಿಟ್ಟು, ಬಿಸಿ ತಾಗಿದ ಮೇಲೆ ಸುರಿಯುವುದನ್ನು ನಿಲ್ಲಿಸಿದಳು. ಸಕ್ಕರೆಯ ಡಬ್ಬಿ ತೆಗೆದು, ಮೂಸಿ, ಒಂದು ಹರಳು ನಾಲಗೆಗೆ ಹಾಕಿಕೊಂಡು, ಆಮೇಲೆ ಚಮಚೆ ಹಾಕಿದಳು. ನಡುಮನೆಯಲ್ಲಿ ಹೊಲಿಗೆ ಮಶೀನಿನ ಮೇಲೆ ಚಾದರ ಹೊದಿಸಿತ್ತು. ಚಾದರದ ಮೇಲೆ ಧೂಳಿತ್ತು.

"ಮಶೀನ ಯಾಕ ಮುಚ್ಚೀದಿ?"

"ಕೆಟ್ಟೇತಿ."

ಚಾದರ ಸರಿಸಿ ಗಾಲಿ ತಿರುಗಿಸಿದೆ. ಎಣ್ಣೆ ಉಂಡ ಮಶೀನು ಗಿರ್ರನೆ ತಿರುಗಿತು. ಅಕ್ಕ ಆ ಸದ್ದು ಕೇಳಿ ಚಹಾದ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಕೂತಳು.

"ಆಕಳ ಕಾರ್ಡ ಕೊಡು," ಎಂದೆ. ಡಾಕ್ಟರು ಇಂಜೆಕ್ಷನ್ ಕೊಟ್ಟಾಗ ತಾರೀಖು ಬರೆದುಕೊಟ್ಟ ಹಳದಿ ಕಾರ್ಡು ಅದು. ದೇವರ ಮಾಡದಿಂದ ತಂದುಕೊಟ್ಟಳು. ನಾನು ಕನ್ನಡಕ ಹಾಕಿಕೊಂಡೆ. ಕಾರ್ಡು ಮಡಚಿ ಮಡಚಿ ನಡುವೆ ಒಂದು ಗೆರೆ ಬಿದ್ದಿತ್ತು. ಗೆರೆಯ ಬಲಕ್ಕೆ ಆರು, ಅಡ್ಡಗೆರೆ, ಮೂರು. ಗೆರೆಯ ಎಡಕ್ಕೆ, ಮಾಸಿದ ಶಾಯಿಯಲ್ಲಿ, ಇನ್ನೂ ಒಂದು ಅಂಕಿ ಇತ್ತು. ಕಾರ್ಡನ್ನು ಬಿಸಿಲಿಗೆ ಹಿಡಿದೆ. ಎರಡು.

"ಅಕ್ಕಾ, ಇದು ಆರಲ್ಲ. ಇಪ್ಪತ್ತಾರು."

ಅಕ್ಕ ಕಾರ್ಡಿಗೆ ಕೈಚಾಚಿದಳು. ತಗೊಂಡು ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಓರೆ ಮಾಡಿದಳು. ಕೊನೆಗೆ ಹೆಬ್ಬೆರಳಿನಿಂದ ಅಂಕಿಯನ್ನು ಸವರಿದಳು, ಅಕ್ಷರವೇನೋ ಕೈಗೆ ಹತ್ತುತ್ತದೆ ಎಂಬಂತೆ.

"ನನಗ ಕಾಣವಲ್ದು ಗಂಗೀ," ಎಂದಳು. "ಎರಡೂ ಕಣ್ಣಾಗ ಪೊರಿ ಬಂದೇತಂತ. ಬ್ಯಾಸಗಿಗೇನ ಮಸಕ ಮಸಕಿತ್ತು, ಶ್ರಾವಣದಾಗಿಂದ ಹಿಂಗ ಐತಿ. ಎಲ್ಲಾ ಮಂಜಿನಾಗ ಕಂಡಂಗ."

ನಾನು ಕನ್ನಡಕ ತೆಗೆದೆ. ಕುಪ್ಪಸದ ತೋಳು, ಬಕೀಟಿನ ಫೋಟೊ, ಕೆಚ್ಚಲು ಇಳಿದ 'ಹಂಗ', ಅಂಗಳದ 'ಯಾರ್ರೀ'. ಎಲ್ಲ ಹೊಗೆಯೂ ಒಂದೇ ಬೆಂಕಿಯದು. ಡಾಕ್ಟರನ್ನು ಕರೆಯದಿದ್ದದ್ದೂ ಅದಕ್ಕೇ. ಗಬ್ಬ ನೋಡಲು ಬಂದ ಆ ಪುಣ್ಯಾತ್ಮ ಆಕಳಿನ ಜತೆ ಅಕ್ಕನ ಕಣ್ಣನ್ನೂ ಗಮನಿಸಿ, ಬೇಗ ತೋರಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ತಂಗಿಗೆ ನಾನೇ ಫೋನು ಮಾಡುತ್ತೇನೆ ಎಂದಿದ್ದರಂತೆ. ಆಮೇಲೆ ಪೊರೆ ಏರಿದಷ್ಟೂ ಅಕ್ಕ ಅವರನ್ನು ಮನೆಯ ಹತ್ತಿರ ಸೇರಿಸಿರಲಿಲ್ಲ. ನನಗೆ ಹೇಳಬಾರದೆಂದು ಸುಮನ್ ವೈನಿಯಿಂದ ಆಣೆ ಹಾಕಿಸಿಕೊಂಡಿದ್ದಳು.

"ನನಗ ಹೇಳಾಕ ಏನಾಗಿತ್ತು ನಿನಗ?" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

"ಹೇಳಿದ್ರ ನೀ ಏನ್ ಮಾಡತಿದ್ದಿ? ಖರೇ ಹೇಳು."

"ಮರುದಿನಾನ ಬಂದು ಬೆಳಗಾವಿಗೆ ಕರಕೊಂಡ ಹೋಗತಿದ್ದೆ."

"ಚಂದ್ರೀನ?"

ನಾನು ಕನ್ನಡಕವನ್ನು ಸೆರಗಿನಿಂದ ಒರೆಸತೊಡಗಿದೆ.

"ಮಾರತಿದ್ದಿ," ಎಂದಳು ಅಕ್ಕ. ಆರೋಪಿಸುವ ದನಿಯಲ್ಲಿ ಅಲ್ಲ, ಗೊತ್ತಿದ್ದ ಸಂಗತಿ ಹೇಳುವಂತೆ. "ಆಮ್ಯಾಲ ಈ ಮನಿಗೆ ಕೀಲಿ ಹಾಕತಿದ್ದಿ. ನನ್ನ ನಿಮ್ಮ ಪಡಸಾಲ್ಯಾಗ ಕುಂದರಸಿ, ಹೊತ್ತಹೊತ್ತಿಗೆ ಊಟಾ ಹಾಕತಿದ್ದಿ. ನೀ ಕೆಟ್ಟಾಕಿ ಅಲ್ಲ ಗಂಗೀ. ಭಾಳ ಛಲೋದಾಕಿ. ಅದಕ್ಕ ನನಗ ಅಂಜಿಕಿ."

ನನ್ನನ್ನು ಕೆಟ್ಟವಳು ಎಂದಿದ್ದರೆ ವಾದಿಸುತ್ತಿದ್ದೆ. ಒಳ್ಳೆಯವಳು ಎಂಬ ಕಾರಣಕ್ಕೆ ನನಗೆ ಹೆದರುವವರೊಂದಿಗೆ ಹೇಗೆ ವಾದಿಸುವುದು? ಮೇಲಾಗಿ ಅವಳು ಹೇಳಿದ್ದು ಅಕ್ಷರಶಃ ನಿಜ. ಚಂದ್ರಿಯನ್ನು ಯಾರಿಗೆ ಮಾರಬೇಕು ಎಂಬುದೂ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹಾದುಹೋಗಿತ್ತು.

ನಾನೂ ಒಂದು ತಪ್ಪೊಪ್ಪಿಕೊಳ್ಳಬೇಕಿತ್ತು. ಆ ಕಾರ್ಡಿನ ಫೋಟೊವನ್ನು ಸುಮನ್ ವೈನಿ ಒಂಬತ್ತು ತಿಂಗಳ ಹಿಂದೆಯೇ ನನಗೆ ಕಳಿಸಿದ್ದಳು. ಅದು ನನ್ನ ಫೋನಿನಲ್ಲೇ ಇತ್ತು. ತೆರೆದು ದೊಡ್ಡದು ಮಾಡಿ ನೋಡಿದೆ. ಎರಡು, ಆರು, ನಿಚ್ಚಳವಾಗಿ. ಡಾಕ್ಟರನ್ನು, ಆಕಳನ್ನು, ನೆರೆಯವಳನ್ನು, ಒಡಹುಟ್ಟಿದವಳನ್ನು ಅನುಮಾನಿಸಿದ ನಾನು, ಲೆಕ್ಕವೆಲ್ಲ ನಿಂತಿದ್ದ ಆ ಒಂದು ತಾರೀಖನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಕರಡು ತಿದ್ದುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅಕ್ಕನಿಗೆ ಹೇಳಿದೆ. ಅವಳು ನಗಲು ಶುರುಮಾಡಿದವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

"ನನಗ ಪೊರಿ ಬಂದೇತಿ. ನಿನಗೇನ ಬಂದಿತ್ತ?" ಎಂದಳು.

ಹೊಸ ಲೆಕ್ಕದ ಪ್ರಕಾರ ಜನವರಿ ನಾಲ್ಕು. ನಾನು ಬೆಳಗಾವಿಗೆ ಫೋನು ಮಾಡಿ ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ ಎಂದೆ. ನಮ್ಮ ಮನೆಯವರು "ಗಿಣ್ಣಾ ಸಿಕ್ಕತೇನ?" ಎಂದು ಮಾತ್ರ ಕೇಳಿದರು.

ಆ ಎಂಟು ದಿನ ನಾನು ಅನುಮಾನವಿಲ್ಲದೆ ಇದ್ದೆ ಎಂದು ಯಾರೂ ಭಾವಿಸಬಾರದು. ಚಂದ್ರಿ ಮಲಗಿದರೆ ಏಕೆ ಮಲಗಿದಳು ಎನಿಸುತ್ತಿತ್ತು, ಎದ್ದರೆ ಏಕೆ ಎದ್ದಳು. ದಿನಕ್ಕೆ ಆರು ಬಾರಿ ಅವಳ ಹಿಂದೆ ಹೋಗಿ ಬಾಲವೆತ್ತಿ ನೋಡುತ್ತಿದ್ದೆ. ಅವಳು ಕತ್ತು ತಿರುಗಿಸಿ ನನ್ನನ್ನು ಬಹಳ ಬೇಸರದಿಂದ ನೋಡುತ್ತಿದ್ದಳು. ಅಕ್ಕ ಮಾತ್ರ ಹೋಗಿ ಅವಳ ಬೆನ್ನಿನ ಕೊನೆಗೆ ಬಾಲದ ಬುಡದ ಎರಡೂ ಬದಿ ಒತ್ತಿ, "ಇನ್ನೂ ಬಿಗಿ ಐತಿ. ಇದು ಸಡಲಬೇಕು," ಎನ್ನುತ್ತಿದ್ದಳು. ನನಗೆ ಎರಡು ಕಣ್ಣಿದ್ದೂ ಕಾಣದ್ದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ನಾಲ್ಕು ಕಳೆಯಿತು. ಐದರ ಬೆಳಿಗ್ಗೆ ಬಾಲದ ಬುಡ ಮುಟ್ಟಿದ ಅಕ್ಕ "ಇವತ್ತ," ಎಂದಳು. ಒಂಬತ್ತು ಗಂಟೆಗೆ ಚಂದ್ರಿ ಮಲಗಿ ಎದ್ದು ಮಾಡತೊಡಗಿದಳು. ನೀರಿನ ಚೀಲ ಒಡೆಯಿತು. ಒಂದು ಪುಟ್ಟ ಗೊರಸು ಕಂಡಿತು. ಅರ್ಧ ಗಂಟೆಯಾದರೂ ಅದೊಂದೇ ಗೊರಸು. ಚಂದ್ರಿ ತಿಣುಕುತ್ತಿದ್ದಳು, ನಾಲಗೆ ಹೊರಬಂದಿತ್ತು. ಎರಡನೆಯ ಗೊರಸು ಬರಲಿಲ್ಲ, ಮೂತಿ ಬರಲಿಲ್ಲ.

"ಅಕ್ಕಾ, ಒಳಗ ಸತ್ತೇತೇನ?" ಎಂದೆ. ಸುಮನ್ ವೈನಿ ಆಗಲೇ ಡಾಕ್ಟರಿಗೆ ಫೋನು ಮಾಡಿದ್ದಳು. ಖಾನಾಪುರದಿಂದ ಹೊರಟಿದ್ದೇನೆ, ಯಾರೂ ಜಗ್ಗಬೇಡಿ ಎಂದಿದ್ದರು.

ಅಕ್ಕ ಬಳೆ ತೆಗೆದು ನನ್ನ ಕೈಗೆ ಕೊಟ್ಟಳು. ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಚಂದ್ರಿಯ ಹಿಂದೆ ಮಂಡಿಯೂರಿದಳು. ಕೈ ಒಳಗೆ ಹೋದಾಗ ಅವಳ ಕಣ್ಣು ಮುಚ್ಚಿದ್ದವು. ಹೇಗೂ ಅವು ಬೇಕಿರಲಿಲ್ಲ.

"ತೆಲಿ ಬರೋಬರಿ ಐತಿ. ಒಂದ ಕಾಲು ಮೊಣಕಾಲಿಗೆ ಮಡಚೇತಿ," ಎಂದಳು. ಆಮೇಲೆ ಕೈಯನ್ನು ಇನ್ನಷ್ಟು ಮುಂದೆ ಸರಿಸಿ, "ಬಾಯಾಗ ಬೆರಳ ಇಟ್ಟೆ. ಚೀಪತೈತಿ ಗಂಗೀ. ಜೀವ ಐತಿ."

ಡಾಕ್ಟರು ಬೈಕು ನಿಲ್ಲಿಸುವ ಮೊದಲೇ ನಾನು ಇದನ್ನೆಲ್ಲ ಕೂಗಿ ಹೇಳಿದ್ದೆ. ಅವರು ಕೈಗವಸು ಹಾಕಿಕೊಂಡು ಕರುವನ್ನು ಒಳಕ್ಕೆ ಒತ್ತಿ, ಮಡಚಿದ ಕಾಲನ್ನು ಮೆಲ್ಲಗೆ ನೇರ ಮಾಡಿದರು. "ಈಗ ಬರ್ರಿ ಅಕ್ಕಾರ, ಆಕಿ ತಿಣಕಿದಾಗಷ್ಟ ಜಗ್ಗೂಣು," ಎಂದರು. ಡಾಕ್ಟರು ಒಂದು ಕಾಲು, ಅಕ್ಕ ಒಂದು ಕಾಲು. ನಾನು ಮತ್ತು ಸುಮನ್ ವೈನಿ ಚಂದ್ರಿಯ ತಲೆಯ ಹತ್ತಿರ ಕೂತು, ಒಬ್ಬರು ಕನ್ನಡದಲ್ಲಿ ಒಬ್ಬರು ಮರಾಠಿಯಲ್ಲಿ ಅವಳನ್ನು ಸಂತೈಸುತ್ತಿದ್ದೆವು. ನಾಲ್ಕನೆಯ ಸಲಕ್ಕೆ ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಡಾಕ್ಟರು ಮೂಗು ಒರೆಸಿ ಎದೆ ತಿಕ್ಕಿದರು. ಅದು ಸೀನಿತು. ಆ ಸೀನು ಕೇಳಿ ನನಗೆ ಅಳು ಬಂತು.

ಹೋರಿಗರು. ಸುಮನ್ ವೈನಿಯ ಮುಖ ಸಣ್ಣಗಾಯಿತು. ಹಾಲಿನ ಮನೆಯಲ್ಲಿ ಹೆಣ್ಣುಗರುವಿಗೇ ಬೆಲೆ. ಅಕ್ಕ ಕರುವಿನ ಮೈಯನ್ನು ಗೋಣಿಯಿಂದ ಒರೆಸುತ್ತಲೇ ಹೇಳಿದಳು: "ಹೋರಿ ಆದ್ರೇನ ವೈನಿ? ಹಾಲಿಗೇನ ಗೊತ್ತು, ಕರ ಗಂಡೋ ಹೆಣ್ಣೋ ಅಂತ?"

ಡಾಕ್ಟರು ಕೈ ತೊಳೆಯುತ್ತ ಅಕ್ಕನನ್ನು ನೋಡಿದರು. "ಆಕಳದು ಮುಗೀತು. ನಿಮ್ಮದು ಯಾವಾಗ್ರಿ?"

ಅಕ್ಕ ನನ್ನ ಕಡೆ ತಿರುಗಿದಳು. ಆ ಎಂಟು ದಿನ ನಾನು ಬಾಲವೆತ್ತುವುದರ ಜತೆಗೆ ಒಂದಿಷ್ಟು ಯೋಚನೆಯನ್ನೂ ಮಾಡಿದ್ದೆ.

"ಆಪರೇಷನ್ನಿಗೆ ನಮ್ಮ ಮನಿಯವರು ನಿನ್ನ ಬೆಳಗಾವಿಗೆ ಕರಕೊಂಡ ಹೋಗ್ತಾರ," ಎಂದೆ. "ನಾ ಹೋಗೂದಿಲ್ಲ. ನೀ ಹೊಳ್ಳಿ ಬರೂತನಕ ಇಲ್ಲೇ ಇರತೀನಿ, ಚಂದ್ರಿ ಹಂತ್ಯಾಕ. ಕೀಲಿ ಯಾರೂ ಹಾಕೂದಿಲ್ಲ."

"ನಿನಗ ಹಿಂಡಾಕ ಬರತೈತೇನ?"

"ಕಲಿತೀನಿ."

"ಖರೇ?" ಎಂದಳು. ಅನುಮಾನಿಸುವುದು ನಮ್ಮ ಮನೆತನದಲ್ಲೇ ಇದೆ ಎಂದು ನನಗೆ ಆಗ ಗೊತ್ತಾಯಿತು.

ಗಿಣ್ಣವೂ ಸಂಕ್ರಾಂತಿಯೂ ಮುಗಿದ ಮೇಲೆ ಅಕ್ಕ ಬೆಳಗಾವಿಗೆ ಹೋದಳು. ಮೊದಲು ಬಲಗಣ್ಣು. ಹತ್ತು ದಿನ ಇದ್ದು ಬರಬೇಕೆಂದಾಯಿತು. ಆ ಹತ್ತು ದಿನ ನಾನು ಚಂದ್ರಿಯೊಂದಿಗೆ ಹೇಗೆ ಬಾಳಿದೆ ಎಂಬುದು ಬೇರೆಯೇ ಪುರಾಣ. ನಾನು ಚರಿಗೆ ಹಿಡಿದು ಕೂತರೆ ಅವಳು ಹಾಲನ್ನು ಮೇಲಕ್ಕೆಳೆದುಕೊಂಡು ಬಿಡುತ್ತಿದ್ದಳು. ಕರು ಬಿಟ್ಟು, ಬೆನ್ನು ತಟ್ಟಿ, ಅಕ್ಕನ ಹಳೆಯ ಸೀರೆ ಉಟ್ಟು ಹೋದರೂ ಮೂಸಿ ನೋಡಿ, ಇದು ಮೋಸ ಎಂದು ತೀರ್ಮಾನಿಸಿ, ಕಾಲು ಝಾಡಿಸುತ್ತಿದ್ದಳು. ಯಾರೋ ನಮ್ಮನ್ನು ಕಾರಣವಿಲ್ಲದೆ ಅನುಮಾನಿಸಿದರೆ ಎಷ್ಟು ನೋವಾಗುತ್ತದೆ ಎಂದು ನನಗೆ ಆ ಹತ್ತು ದಿನದಲ್ಲಿ ತಿಳಿಯಿತು. ನಿಜವಾಗಿ ಹಾಲು ಹಿಂಡುತ್ತಿದ್ದವಳು ಸುಮನ್ ವೈನಿ. ನಾನು ಕರುವಿನ ಹಗ್ಗ ಹಿಡಿದು ಗಂಭೀರವಾಗಿ ನಿಲ್ಲುತ್ತಿದ್ದೆ. ಒಂಬತ್ತನೆಯ ದಿನ ಮಾತ್ರ, ನಾನು ಆಸೆ ಬಿಟ್ಟು ಸುಮ್ಮನೆ ಕೂತಿದ್ದಾಗ, ಚಂದ್ರಿ ಹಾಲಿಳಿಸಿದಳು. ಅರ್ಧ ಚರಿಗೆ ಸಿಕ್ಕಿತು. ಅದನ್ನು ನಮ್ಮ ಮನೆಯವರಿಗೆ ಫೋಟೊ ತೆಗೆದು ಕಳಿಸಿದೆ. ಮೂರು ಸಲ ಪರೀಕ್ಷಿಸಿ, ಚರಿಗೆ ಫೋಟೊದೊಳಗೆ ಇದೆ ಎಂದು ಖಾತ್ರಿಯಾದ ಮೇಲೆ.

ಹನ್ನೊಂದನೆಯ ದಿನ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ದಣಪೆಯ ಹತ್ತಿರವೇ ನಿಂತು ಕನ್ನಡಕ ತೆಗೆದಳು. ಬೇಲಿ ನೋಡಿದಳು, ಹೆಂಚು ನೋಡಿದಳು, "ಎಷ್ಟ ಜಾಡ ಹಿಡದಾವ," ಎಂದು ಹೆಂಚಿನ ಕೆಳಗಿನ ಜೇಡರ ಬಲೆಯನ್ನು ಬೈದಳು. ಕೊಟ್ಟಿಗೆಗೆ ಹೋಗಿ ಕರುವಿನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕೈಯಿಂದಷ್ಟೇ ಪರಿಚಯವಿದ್ದ ಮುಖ ಅದು. ಆಮೇಲೆ ನನ್ನ ಹತ್ತಿರ ಬಂದಳು. ಅದೇ ರೀತಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಶ್ರಾವಣದಿಂದ ಅವಳು ನನ್ನನ್ನು ಸರಿಯಾಗಿ ನೋಡಿರಲಿಲ್ಲ. ಈಗ ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ಸೆರಗಿನ ತುದಿಯನ್ನು ಸಿದ್ಧ ಮಾಡಿಕೊಂಡೆ.

"ಅಯ್ಯ ಗಂಗೀ," ಎಂದಳು ಅಕ್ಕ ನಿಜವಾದ ಮರುಕದಿಂದ, "ನೀ ಇಷ್ಟ ಮುದುಕಿ ಆಗೀಯೇನವಾ!"

ಸುಮನ್ ವೈನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮರಾಠಿಯಲ್ಲಿ ನಕ್ಕಳು. ಆಪರೇಷನ್ ಬಹಳ ಚೆನ್ನಾಗಿ ಆಗಿದೆ, ಕಣ್ಣು ಹದಿನಾರಾಣೆ ಸರಿಯಾಗಿದೆ ಎಂದು ಬೆಳಗಾವಿಯ ಕಣ್ಣಿನ ಡಾಕ್ಟರು ಹೇಳಿದ್ದಾರಂತೆ. ಇರಬಹುದು. ಆದರೆ ಅವತ್ತಿನಿಂದ ನನಗೆ ಆ ಡಾಕ್ಟರ ಮೇಲೆ ಒಂದು ಸಣ್ಣ ಅನುಮಾನ.